ಸಾಯಿಮಾ ಸಿಕ್ಕಿಸಿದ ವೈರ್

"ಟೀಚರ್, ಎಲ್ಲಾ ಲೈಟೂ ಒಮ್ಮಿಗೇ ಕುಣ್ಯಾಕತ್ತಾವ್ರಿ!" ಸಾಯಿಮಾ ಕೂಗಿದಳು.

ಕುಣಿಯುತ್ತಿದ್ದದ್ದು ಸ್ವಿಚ್ಚಿನ ದೀಪಗಳು. ಫ್ಯಾನ್ ಹಾಕುವ ಸ್ವಿಚ್ ಅಲ್ಲ ಮತ್ತೆ! ಶಾಲೆಯ ಕಂಪ್ಯೂಟರುಗಳ ವೈರೆಲ್ಲ ಬಂದು ಸೇರುವ ಚಪ್ಪಟೆ ಡಬ್ಬಿ ಅದು. ದೀಪಗಳಿಗೆ ಹುಚ್ಚು ಹಿಡಿದಿತ್ತು, ಆದರೆ ಒಂದು ಕಂಪ್ಯೂಟರಿನಲ್ಲೂ ನೆಟ್ ಇರಲಿಲ್ಲ.

ಗಂಟೆ ನಾಲ್ಕೂಕಾಲು. ಅವಳ ಕ್ಲಾಸಿನ ಕಾಂಚನಾ ವಸತಿ ಶಾಲೆಯ ಪ್ರವೇಶ ಪರೀಕ್ಷೆಗೆ ಹಾಕುವ ಅರ್ಜಿ ಐದರೊಳಗೆ ನೆಟ್‌ನಲ್ಲಿ ಹೋಗಬೇಕು. ಇವತ್ತೇ ಕಡೆಯ ದಿನ. ಅದಕ್ಕೆ ಬೇಕಾದ ಒಂದು ಸರ್ಟಿಫಿಕೇಟು ಬೆಳಿಗ್ಗೆಯಷ್ಟೇ ಅವಳ ಕೈಗೆ ಬಂದಿತ್ತು. ಐದನೇ ತರಗತಿಯವರಿಗೆ ಮಾತ್ರ ಈ ಅವಕಾಶ. ಮುಂದಿನ ವರ್ಷ ಕೇಳುವಂತಿಲ್ಲ.

"ತಡಿರಿ, ನಾ ನೋಡ್ತೀನಿ," ಎಂದು ಸಾಯಿಮಾ ಮುಂದೆ ಬಂದಳು. ಶನಿವಾರದ ಕ್ಲಾಸಿನಲ್ಲಿ ರೌಟರಿನ ಸೆಟ್ಟಿಂಗ್ ತೆರೆದು ಪಾಸ್‌ವರ್ಡ್ ಹಾಕುವುದನ್ನು ಎಲ್ಲರಿಗಿಂತ ಮೊದಲು ಕಲಿತವಳು ಅವಳೇ. ಅಂದಿನಿಂದ ಅವಳ ಜಂಬ ಕೇಳಬೇಕೆ! ಲ್ಯಾಬಿನ ಯಜಮಾನ್ತಿಯಂತೆ ಓಡಾಡುತ್ತಿದ್ದಳು.

ಇವತ್ತು ಆ ಸೆಟ್ಟಿಂಗ್ ಪುಟವೇ ತೆರೆಯಲೊಲ್ಲದು. ರೌಟರ್ ಆರಿಸಿ ಹಚ್ಚಿದಳು. ಮತ್ತೆ ಅದೇ ಕುಣಿತ.

ಶೈಲಾ ಟೀಚರ್ ತಮ್ಮ ಮೊಬೈಲಿನಲ್ಲೂ ಪ್ರಯತ್ನಿಸಿದರು. ಅರ್ಜಿಯ ವೆಬ್‌ಸೈಟಿನಲ್ಲಿ ಕಡೆಯ ದಿನದ ಗದ್ದಲ. ಚಕ್ರ ತಿರುಗಿತು, ತಿರುಗಿತು, ಐದು ಹೊಡೆಯಿತು. ಕಾಂಚನಾ ಸರ್ಟಿಫಿಕೇಟನ್ನು ಮಡಚಿ ಪಾಟೀಚೀಲಕ್ಕೆ ಹಾಕಿಕೊಂಡು ಮನೆಗೆ ಹೋದಳು.

ಮರುದಿನ ಲಕ್ಷ್ಮೇಶ್ವರದಿಂದ ಮೊಹಸಿನ ಬಂದ. ಶಾಲೆಗೆ ನೆಟ್ ಹಾಕಿಕೊಟ್ಟವನು ಅವನೇ. ಒಂದೊಂದೇ ವೈರಿನ ಮೇಲೆ ಬೆರಳಾಡಿಸುತ್ತ ಹೋಗಿ ಒಂದು ಕಡೆ ನಿಂತ.

"ಈ ವೈರಿಂದು ಎರಡೂ ತುದಿ ಒಂದ ಸ್ವಿಚ್‌ನ್ಯಾಗ ಹಾಕ್ಯಾರಲ್ರಿ! ಹೋಗಿದ್ದು ತಿರುಗಿ ಅಲ್ಲೇ ಬರತೈತಿ. ಹಿಂಗಾದ್ರ ಬ್ಯಾರೆದಕ್ಕ ದಾರಿ ಎಲ್ಲಿಂದ ಸಿಗಬೇಕು?"

ಒಂದು ತುದಿ ಕಿತ್ತ. ದೀಪಗಳು ತಣ್ಣಗಾದವು.

ಹೆಡ್‌ಮಾಸ್ಟರರು ಕಸ ಹೊಡೆಯುವ ಮುದಕಪ್ಪನ ಕಡೆ ತಿರುಗಿದರು. "ಮುದಕಪ್ಪಾ, ನೀನ ಏನ್?"

"ದೇವರಾಣಿ ನಾ ಮುಟ್ಟಿಲ್ರಿ ಸಾಹೇಬ್ರ," ಎಂದ ಮುದಕಪ್ಪ.

ಸಾಯಿಮಾಳಿಗೆ ಆಗ ನೆನಪಾಯಿತು. ಒಂದು ಕಂಪ್ಯೂಟರ್ ರಿಪೇರಿಗೆ ಹೋಗಿತ್ತು. ಅದರ ವೈರಿನ ಒಂದು ತುದಿ ನಿನ್ನೆ ಮಧ್ಯಾಹ್ನ ನೆಲದ ಮೇಲೆ ಬಿದ್ದಿತ್ತು. ಬೆಟಗೇರಿಯ ಮಗ್ಗದ ಮನೆಯ ಹುಡುಗಿ ಅವಳು. ಎಲ್ಲಿಯಾದರೂ ಎಳೆಯ ತುದಿ ಜೋತಾಡಿದರೆ ಅವಳ ದಾದಿ, ಅಂದರೆ ಅಪ್ಪನ ತಾಯಿ ಮೋತಿಬಿ ಸುಮ್ಮನಿರುವವಳಲ್ಲ: "ಎಳಿ ಹಂಗ ಬಿಡಬ್ಯಾಡ, ಕೂಡಸು!" ಅದೇ ರೂಢಿ. ಸ್ವಿಚ್ಚಿನಲ್ಲಿ ಖಾಲಿ ತೂತು ಕಂಡಿತು, ಅಚ್ಚುಕಟ್ಟಾಗಿ ಸಿಕ್ಕಿಸಿಬಿಟ್ಟಿದ್ದಳು. ಮಾಡಿದ್ದು ಚೆಂದದ ಕೆಲಸವೆಂದೇ ಅಂದುಕೊಂಡಿದ್ದಳು ಪಾಪ.

"ಅವ್ರಲ್ರಿ ಸರ್. ನಾನ ಹಾಕಿದ್ದು," ಎಂದಳು.

ಹೆಡ್‌ಮಾಸ್ಟರರು ಬೈಯಲಿಲ್ಲ. "ಆತು, ಕ್ಲಾಸಿಗೆ ಹೋಗು," ಎಂದರು. ಎರಡು ಏಟು ಕೊಟ್ಟಿದ್ದರೂ ಚೆನ್ನಾಗಿತ್ತು ಎನಿಸಿತು ಅವಳಿಗೆ.

ಬಾಗಿಲಲ್ಲಿ ಕಾಂಚನಾ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಹೋಗಿ ನೀರಿನ ಟಾಕಿಯ ಕಟ್ಟೆಯ ಮೇಲೆ ಕುಳಿತಳು. ಸಾಯಿಮಾ ಹಿಂದೆಯೇ ಹೋಗಿ ಪಕ್ಕದಲ್ಲಿ ಕುಳಿತಳು.

"ನನಗ ಗೊತ್ತಿದ್ದಿಲ್ಲ ಕಾಂಚನಾ. ಖರೇನ."

"ನಂಗೊತ್ತೈತಿ." ಕಾಂಚನಾ ನೆಲ ನೋಡುತ್ತಿದ್ದಳು. "ನಮ್ಮವ್ವ ಟ್ರಂಕ್ ಸುದ್ದಾ ತಂದಿಟ್ಟಾಳ. ಹಸಿರು ಬಣ್ಣದ್ದು. ಪರೀಕ್ಷಾನ ಇನ್ನೂ ಆಗಿಲ್ಲ, ಆಗ್ಲೇ ತಂದಾಳ."

'ಸಾರಿ' ಎಂಬ ಮಾತು ಸಾಯಿಮಾಳ ತುಟಿಯ ತನಕ ಬಂದಿತ್ತು. ಆದರೆ ಅದನ್ನು ಹೇಳಿದರೆ ಕಾಂಚನಾ 'ಇರ್ಲಿ ಬಿಡು' ಅನ್ನಬೇಕಾಗುತ್ತದೆ. ಇವತ್ತು ಅವಳ ಕೈಲಿ ಅದನ್ನೂ ಅನ್ನಿಸುವುದು ಬೇಡವೆನಿಸಿತು.

ಬೆಲ್ ಹೊಡೆಯಿತು. ಕಾಂಚನಾ ಏಳಲಿಲ್ಲ. ಸಾಯಿಮಾಳೂ ಏಳಲಿಲ್ಲ.