ತಗಡಿನಾಚೆಯ ಎಮ್ಮೆ

ಮೂರನೆಯ ಪಿರಿಯಡ್ಡಿನ ಗಂಟೆ ಬಾರಿಸಿ ಎರಡು ನಿಮಿಷವಾಗುವಷ್ಟರಲ್ಲಿ ನಾಜಿಮಾಗೆ ಮಂಜೂರನ ಮೇಲೆ ಸಿಟ್ಟು ಬರುತ್ತಿತ್ತು. ಸೋಮವಾರದಿಂದ ಶನಿವಾರದವರೆಗೆ, ಹಾಜರಿ ಕೂಗಿದಷ್ಟೇ ಕ್ರಮವಾಗಿ.

ಕೊಲ್ಹಾರದ ಆ ಒಂದೇ ಕಂಪೌಂಡಿನಲ್ಲಿ ಎರಡು ಸರ್ಕಾರಿ ಶಾಲೆಗಳಿದ್ದವು. ಒಂದು ಗಂಡುಮಕ್ಕಳದು, ಒಂದು ಹೆಣ್ಣುಮಕ್ಕಳದು. ಕೋಣೆಗಳು ಸಾಲದೆ ಉದ್ದನೆಯ ಹಾಲೊಂದರ ನಡುವೆ ತಗಡು ಹೊಡೆದು ಎರಡು ಮಾಡಿದ್ದರು. ಈಚೆಗೆ ನಾಜಿಮಾಳ ನಾಲ್ಕನೆಯ ತರಗತಿಯ ಇಪ್ಪತ್ತೆಂಟು ಹುಡುಗಿಯರು, ಆಚೆಗೆ ಮಂಜೂರನ ಮೂವತ್ತೊಂದು ಹುಡುಗರು. ಇಬ್ಬರೂ ಕಲಿಸುವುದು ಇಂಗ್ಲಿಷ್. ಇಬ್ಬರಿಗೂ ಮೂರನೆಯ ಪಿರಿಯಡ್ಡೇ.

ನಾಜಿಮಾ ಮೊದಲು ಕಲಿಸುತ್ತಿದ್ದುದು ಕೇಳುವುದನ್ನು. ದಿನಕ್ಕೆ ಐದೇ ಐದು ಇಂಗ್ಲಿಷ್ ವಾಕ್ಯಗಳ ಕಥೆ. ಊರ ಪಕ್ಕದ ಅಣೆಕಟ್ಟಿನ ಹಿನ್ನೀರಿನ ಮೇಲಿನ ದೊಡ್ಡ ಸೇತುವೆಯನ್ನು ದಾಟಲು ಒಲ್ಲೆ ಎಂದು ಹಟ ಹಿಡಿದ ಒಂದು ಎಮ್ಮೆಯ ಕಥೆ. ಪ್ರತಿ ವಾಕ್ಯವನ್ನು ಒಮ್ಮೆ ಹೇಳುವಳು, ಕನ್ನಡಕ್ಕೆ ತಿರುಗಿಸುತ್ತಿರಲಿಲ್ಲ. ಹುಡುಗಿಯರು ಕೇಳಿದ್ದನ್ನು ಚಿತ್ರವಾಗಿ ಬರೆಯಬೇಕು. ಎಮ್ಮೆ ಮಲಗಿತು ಎಂದರೆ ಪುಸ್ತಕದಲ್ಲೂ ಮಲಗಿರಬೇಕು. ಬಾಲ ಎಡಕ್ಕೆಂದರೆ ಎಡಕ್ಕೆ. ಅದಕ್ಕಾಗಿ ಅವರು ಉಸಿರು ಹಿಡಿದು ಮುಂದಕ್ಕೆ ಬಾಗುವ ಆ ಒಂದು ಗಳಿಗೆಗಾಗಿ ನಾಜಿಮಾ ಬಾಗೇವಾಡಿಯಿಂದ ದಿನಾ ಬಸ್ಸಿನಲ್ಲಿ ನಿಂತುಕೊಂಡು ಬರುತ್ತಿದ್ದಳು.

ಸರಿಯಾಗಿ ಆ ಗಳಿಗೆಗೇ ತಗಡು ನಡುಗುತ್ತಿತ್ತು.

"ರಿಪೀಟ್ ಆಫ್ಟರ್ ಮಿ! ದಿಸ್ ಈಸ್ ಅ ವಿಂಡೋ! ಅಂದ್ರ?"

"ಇದು ಕಿಟಕೀ!" ಮೂವತ್ತೊಂದು ಗಂಟಲುಗಳು.

ಆಗಸ್ಟ್ ತಿಂಗಳ ಒಂದು ದಿನ, ಬಿಸಿಯೂಟದ ಹೊತ್ತಿಗೆ, ಅವಳು ಪಾತ್ರೆಗಳ ಸಾಲು ದಾಟಿ ನೇರ ಅವನ ಎದುರಿಗೆ ಹೋಗಿ ನಿಂತಳು. ಮಂಜೂರ ಪಕ್ಕದ ಮಸೂತಿ ಎಂಬ ಊರಿನವನು. ಎತ್ತರದ ಆಳು, ತೋಳು ಮಡಚಿದ ಅಂಗಿ, ಹೊಲದ ಆಚೆ ತುದಿಯವರನ್ನು ಕರೆದು ರೂಢಿಯಾದ ದನಿ.

"ಮಂಜೂರ ಸರ್, ನಿಮ್ಮ ಕ್ಲಾಸಿನ್ಯಾಗ ಯಾರಿಗರೆ ಕಿವಿ ಕೇಳ್ಸೂದಿಲ್ಲೇನ್ರಿ?"

"ಎಲ್ಲಾರಿಗೂ ಕೇಳ್ಸತೈತ್ರಿ. ಯಾಕ?"

"ಮತ್ತ್ಯಾಕ ಅಷ್ಟ್ ಒದರ್ತೀರಿ?"

"ಬಾಯಿ ಬಿಟ್ರ ಇಂಗ್ಲಿಷ್ ಬರತೈತಿ, ಮೇಡಂ. ನಿಮ್ಮ ಕ್ಲಾಸ ಹೋಗಿ ನೋಡ್ರಿ, ಮಣ್ಣಿಗಿ ಬಂದವರು ಕುಂತಂಗ ಕುಂತಿರ್ತಾವು ಹುಡಿಗೇರು."

"ಅವು ಕೇಳಾಕತ್ತಿರ್ತಾವ್ರಿ. ನಿಮ್ಮ ಹುಡುಗೂರು ಇಂಗ್ಲಿಷ್ ಕೇಳೂದೇ ಇಲ್ಲ. ನೀವು ಕನ್ನಡ ಯಾವಾಗ ಹೇಳ್ತೀರಿ ಅಂತ ದಾರಿ ಕಾಯ್ತಾವು. ಬಸ್ ಕಾದಂಗ."

ಅವನು ಕೈಯಲ್ಲಿದ್ದ ಲೋಟವನ್ನು ನಿಧಾನಕ್ಕೆ ಕೆಳಗಿಟ್ಟ. ಆಮೇಲೆ ಅವಳನ್ನು ನೋಡಿದ. ಆ ನೋಟ ಅವಳ ಹಣೆಯ ಮೇಲೆ, ದುಪಟ್ಟಾದ ಅಂಚಿನಿಂದ ತಪ್ಪಿಸಿಕೊಂಡ ಕೂದಲಿನ ಮೇಲೆ, ಬೆರಳಿಗೆ ಮೆತ್ತಿದ ಸೀಮೆಸುಣ್ಣದ ಮೇಲೆ ಒಂದೊಂದಾಗಿ ಇಳಿದು, ಕೊನೆಗೆ ಕಣ್ಣಿನಲ್ಲಿ ನಿಂತಿತು. ತಪ್ಪು ಹುಡುಕುತ್ತಿದ್ದಾನೆ ಎಂದುಕೊಂಡಳು ನಾಜಿಮಾ. ತಾನೂ ಹುಡುಕಿದಳು. ಅವನ ಎಡಹುಬ್ಬಿನ ನಡುವೆ ಒಂದು ಹಳೆಯ ಗಾಯದ ಗೆರೆ ಇತ್ತು. ಅದನ್ನು ಗಮನಿಸಿದ್ದಕ್ಕೆ ತನ್ನ ಮೇಲೇ ರೇಗಿಕೊಂಡಳು.

"ಬರೂ ವರ್ಷ ನಿಮ್ಮಂಗ ಪಿಸುಗುಡಾಕ ಕಲೀತೇನ್ರಿ," ಎಂದ ಅವನು.

"ಈ ವರ್ಷನ ಕಲೀರಿ. ಬಾಯಿ ಮುಚ್ಚಾಕ ಟ್ರೇನಿಂಗ್ ಬೇಕಾಗಿಲ್ಲ."

ಅಡುಗೆಯವರು ನಕ್ಕರು. ಅವನು ನಗಲಿಲ್ಲ.

ದಸರೆಯ ರಜೆ ಮುಗಿದು ಶಾಲೆ ಶುರುವಾದ ಮೇಲೆ ಗದ್ದಲ ನಿಂತುಹೋಯಿತು. ಮೂರನೆಯ ಪಿರಿಯಡ್ಡಿನ ಮೊದಲ ಹದಿನೈದು ನಿಮಿಷ ತಗಡಿನಾಚೆ ಹುಡುಗರೇ ಇಲ್ಲವೇನೋ ಎಂಬಷ್ಟು ಸದ್ದಡಗಿರುತ್ತಿತ್ತು. ಆಮೇಲೆ ಎಂದಿನ ಕೂಗು. ತನ್ನ ಮಾತು ನಾಟಿತು ಎಂದುಕೊಂಡಳು ನಾಜಿಮಾ. ಗೆದ್ದ ಖುಷಿ ಮಾತ್ರ ಅಷ್ಟಾಗಿ ಬರಲಿಲ್ಲ. ಕಾರಿಡಾರಿನಲ್ಲಿ ಎದುರಾದಾಗ ಅವನು ಗೋಡೆಗೆ ಸರಿದು ದಾರಿ ಬಿಡುತ್ತಿದ್ದ. ಅದು ಮರ್ಯಾದೆಯೋ ತಾತ್ಸಾರವೋ ತಿಳಿಯದೆ ಅವಳು ಇನ್ನಷ್ಟು ಗಂಟುಮೋರೆ ಹಾಕಿ ದಾಟುತ್ತಿದ್ದಳು.

ಜನವರಿಯಲ್ಲಿ ಆದೇಶ ಬಂತು. ಎರಡೂ ಶಾಲೆಗಳು ಒಂದಾಗುತ್ತವೆ. ಇಂಗ್ಲಿಷಿಗೆ ಒಂದೇ ಹುದ್ದೆ. ಇನ್ನೊಬ್ಬರು ಹೆಚ್ಚುವರಿ. ಖಾಲಿ ಇರುವ ಜಾಗಗಳು ದೂರದ ಇಂಡಿ ತಾಲೂಕಿನ ಕಡೆ ಭೀಮೆಯ ದಂಡೆಯಲ್ಲಿ, ಇಲ್ಲವೇ ಸಿಂದಗಿಯ ಆಚೆ.

ಆ ರಾತ್ರಿ ಊಟದ ಮುಂದೆ ಅಣ್ಣ ಶಮಶುದ್ದೀನ ಒಂದೇ ಮಾತಿನಲ್ಲಿ ಮುಗಿಸಿದ. "ಇಂಡಿಗಿ ಒಬ್ಬಾಕೀನ ಕಳಸೂ ಮಾತ ಇಲ್ಲ. ಕೊಲ್ಹಾರ ತಪ್ಪಿದ್ರ ರಾಜೀನಾಮೆ ಕೊಡು. ನಿನ್ನ ಕೇಳಾಕ ಬಂದಿದ್ದ ತಾಳಿಕೋಟಿಯವರು ಇನ್ನೂ ಕಾಯಾಕತ್ತಾರ. ಅವರಿಗೆ ನೌಕರಿ ಮಾಡೂ ಹುಡುಗಿ ಬ್ಯಾಡ."

"ಅಣ್ಣಾ, ನಾ ಹೇಳೂದು..."

"ಗೊತ್ತೈತಿ ನೀ ಏನ್ ಹೇಳ್ತೀ ಅಂತ."

ಅವಳು ಏನು ಹೇಳುತ್ತಾಳೆ ಎಂಬುದು ಆ ಮನೆಯಲ್ಲಿ ಎಲ್ಲರಿಗೂ ಮೊದಲೇ ಗೊತ್ತಿರುತ್ತಿತ್ತು. ಹಾಗಾಗಿ ಯಾರೂ ಪೂರ್ತಿ ಕೇಳುತ್ತಿರಲಿಲ್ಲ.

ಮರುದಿನ ಗಂಡುಮಕ್ಕಳ ಶಾಲೆಯ ಹೆಡ್ಮಾಸ್ತರ ಪರಪ್ಪನವರು ಇಬ್ಬರ ಸೇವಾ ಪುಸ್ತಕಗಳನ್ನೂ ಮೇಜಿನ ಮೇಲೆ ಬಿಡಿಸಿಟ್ಟುಕೊಂಡರು. ನಾಜಿಮಾ ಬಾಗಿಲ ಬಳಿ ನಿಂತಿದ್ದಳು, ಮಂಜೂರ ಕಿಟಕಿಯ ಬಳಿ. ಇಬ್ಬರ ನಡುವೆ ಸಾಧ್ಯವಿದ್ದಷ್ಟು ದೂರ.

"ಸೇವೆಯೊಳಗ ಕಿರಿಯರು ಹೊರಗ. ನಿಯಮ ಸರಳ ಐತಿ," ಎಂದು ಕನ್ನಡಕ ಏರಿಸಿದರು ಪರಪ್ಪ. "ಜಾಯಿನ್ ಆದ ತಾರೀಕ... ಅರೆ, ಇಬ್ರೂ ಒಂದ ದಿನ. ಹಂಗಾರ ವಯಸ್ಸಿನ್ಯಾಗ ಸಣ್ಣವರು ಹೊರಗ. ಹುಟ್ಟಿದ ತಾರೀಕ ನೋಡೋಣು. ಮಂಜೂರ, ಜೂನ್ ಒಂದು, ತೊಂಬತ್ತಾರು. ನಾಜಿಮಾ..." ಅವರು ತಲೆಯೆತ್ತಿದರು. "ಜೂನ್ ಒಂದು, ತೊಂಬತ್ತಾರು."

ಒಂದನೆಯ ತರಗತಿಗೆ ಸೇರಿಸುವಾಗ ಮನೆಯವರಿಗೆ ತಾರೀಕು ನೆನಪಿಲ್ಲದಿದ್ದರೆ ಮಾಸ್ತರರು ಜೂನ್ ಒಂದು ಎಂದು ಬರೆದುಬಿಡುವ ಕಾಲ ಅದು. ಅರ್ಧ ಜಿಲ್ಲೆ ಆ ದಿನವೇ ಹುಟ್ಟಿದೆ.

"ನಂದೂ ಜೂನ್ ಒಂದ," ಎಂದರು ಪರಪ್ಪ. "ಅವತ್ತ ಈ ಕಡೆ ಸೂಲಗಿತ್ತೇರು ಬಾಳ ದುಡದಾರ."

"ಖರೇ ಹುಟ್ಟಿದ್ದು ಮಳಿಗಾಲದಾಗ್ರಿ ನಾ," ಎಂದ ಮಂಜೂರ.

"ನಾ ಬ್ಯಾಸಗ್ಯಾಗ," ಎಂದಳು ನಾಜಿಮಾ ತಕ್ಷಣ. "ಅಂದ್ರ ನಾನ ದೊಡ್ಡಾಕಿ."

"ಸಾಕ್ಷಿ ಏನೈತ್ರಿ?"

"ಬುದ್ಧಿ ಐತಲ್ರಿ. ಕಾಣ್ಸೂದಿಲ್ಲ?"

ಪರಪ್ಪನವರು ಎರಡೂ ಪುಸ್ತಕ ಮುಚ್ಚಿ ವಿಷಯವನ್ನು ಮೇಲಕ್ಕೆ ಬರೆದರು. ಫೆಬ್ರವರಿಯ ಮೊದಲ ಶನಿವಾರ ಇಂಗ್ಲಿಷಿನ ಸಂಪನ್ಮೂಲ ವ್ಯಕ್ತಿ ಜಯಮಾಲಾ ಮೇಡಂ ಬಂದು ಪಾಠ ನೋಡಿ ವರದಿ ಕೊಡುವುದೆಂದಾಯಿತು. ಅವರದು ಒಂದೇ ಷರತ್ತು: "ತಮ್ಮ ಮಕ್ಕಳಿಗೆ ಯಾರು ಬೇಕಾದ್ರೂ ಕಲಸ್ತಾರ. ಅದಲು ಬದಲು ಮಾಡ್ರಿ."

ನಾಜಿಮಾಗೆ ತಗಡಿನಾಚೆಯ ಕೂಗು ನೆನಪಾಯಿತು. ಮಂಜೂರನ ಹುಡುಗರು! ಕೂಗಲು ಮಾತ್ರ ಬಲ್ಲವರು, ಕನ್ನಡ ಬರುವವರೆಗೆ ಇಂಗ್ಲಿಷನ್ನು ಕೇಳದವರು. ಅವರ ಮುಂದೆ ಐದು ವಾಕ್ಯ ಹೇಳಿ ಸುಮ್ಮನೆ ನಿಂತರೆ ತಾಳಿಕೋಟೆಯ ಬಸ್ಸು ಹತ್ತಿದ ಹಾಗೆಯೇ.

ಮೊದಲು ಅವನ ಸರದಿ. ಅವಳು ಹಿಂದಿನ ಬೆಂಚಿನಲ್ಲಿ ಜಯಮಾಲಾ ಅವರ ಪಕ್ಕ ಕುಳಿತಳು. ಮಂಜೂರ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ರಟ್ಟಿನ ಮೇಲೆ ಚಿತ್ರಗಳನ್ನು ಅಂಟಿಸಿ ತಂದಿದ್ದ.

"ದಿಸ್ ಈಸ್ ಅ ಬೋಟ್. ರಿಪೀಟ್ ಆಫ್ಟರ್ ಮಿ!"

ಇಪ್ಪತ್ತೆಂಟು ಹುಡುಗಿಯರು ಪೆನ್ಸಿಲ್ ಹಿಡಿದು ಅವನನ್ನೇ ನೋಡಿದರು.

"ರಿಪೀಟ್!"

ಮುಂದಿನ ಸಾಲಿನ ಫರಹತ ಎದ್ದು ನಿಂತಳು. "ಯಾಕ್ರಿ ಸರ್? ಒಮ್ಮಿಗೇ ಕೇಳ್ಸೇತ್ರಿ. ದೋಣಿ ಎಲ್ಲಿ ಹೊಂಟೈತಿ ಅನ್ನೂದ ಹೇಳ್ರಿ."

ಅವನ ಕಿವಿ ಕೆಂಪಾಯಿತು. ದೋಣಿ ಎಲ್ಲಿಗೂ ಹೊರಟಿರಲಿಲ್ಲ. ಅದು ರಟ್ಟಿನ ಮೇಲೆ ಸುಮ್ಮನೆ ಇತ್ತು. ಉಳಿದ ಅರ್ಧ ಗಂಟೆ ಅವನು ಬೆವರಿದ. ನಾಜಿಮಾ ಆ ಬೆವರನ್ನು ಕಣ್ತುಂಬ ನೋಡಬೇಕೆಂದಿದ್ದಳು. ಆದರೆ ಅವನ ಅಂಗಿಯ ಬೆನ್ನು ತೊಯ್ಯುತ್ತ ಹೋದಂತೆ ಅವಳು ಯಾಕೋ ತನ್ನ ಕೈಬೆರಳುಗಳನ್ನು ನೋಡತೊಡಗಿದಳು.

ಆಮೇಲೆ ಅವಳ ಸರದಿ. ತಗಡಿನಾಚೆಯ ಕೋಣೆಗೆ ಅವಳು ಕಾಲಿಟ್ಟದ್ದು ಅದೇ ಮೊದಲು. ಮೂವತ್ತೊಂದು ಹುಡುಗರು ಎದ್ದು ನಿಂತರು. ಹೊಸ ಕಥೆ ಹೊಳೆಯದೆ, ತನ್ನ ಹುಡುಗಿಯರಿಗೆ ಸೋಮವಾರ ಹೇಳಬೇಕೆಂದಿದ್ದ ವಾಕ್ಯವೇ ಬಾಯಿಗೆ ಬಂತು.

"ದ ಬಫೆಲೋ ಈಸ್ ಆನ್ ದ ಬ್ರಿಜ್. ಶಿ ಲುಕ್ಸ್ ಡೌನ್."

ಕೂಗಿಲ್ಲ. ಪುಸ್ತಕಗಳು ತೆರೆದವು. ಪೆನ್ಸಿಲ್‌ಗಳು ಓಡಿದವು. ಅವಳು ಸಾಲುಗಳ ನಡುವೆ ನಡೆದಳು. ಪುಟಪುಟದಲ್ಲೂ ಸೇತುವೆ, ಸೇತುವೆಯ ಮೇಲೆ ತಲೆ ತಗ್ಗಿಸಿದ ಎಮ್ಮೆ. ಒಬ್ಬ ಹುಡುಗನ ಎಮ್ಮೆಗೆ ಒಂದು ಕೊಂಬು ಮುರಿದಿತ್ತು. ಕೊಂಬು ಮುರಿದದ್ದು ನವೆಂಬರಿನ ಕಥೆಯಲ್ಲಿ. ತಗಡಿನ ಈಚೆ, ತನ್ನ ಹುಡುಗಿಯರಿಗೆ ಹೇಳಿದ ಕಥೆಯಲ್ಲಿ.

"ಇದು ನಿನಗ ಹೆಂಗ ಗೊತ್ತಾತು?"

"ದಿನಾ ಕೇಳ್ತೇವಲ್ರಿ ಟೀಚರ್," ಎಂದ ಹುಡುಗ, ಇದೆಂಥ ಪ್ರಶ್ನೆ ಎನ್ನುವಂತೆ. "ತಗಡಿಗಿ ಕಿವಿ ಹಚ್ಚಿ ಕುಂತು. ಸರ್ರೂ ಕೇಳ್ತಾರ. ಮಿಸುಕ್ಯಾಡಿದ್ರ ಹೊಡೀತೇನಿ ಅಂತಾರ."

ನಾಜಿಮಾ ತಲೆಯೆತ್ತಿದಳು. ಹಿಂದಿನ ಬೆಂಚಿನಲ್ಲಿ ಮಂಜೂರ ಕಿಟಕಿಯ ಹೊರಗಿನ ಬೇವಿನ ಮರದಲ್ಲಿ ಏನೋ ಬಹಳ ಮುಖ್ಯವಾದದ್ದು ಇದೆ ಎಂಬಂತೆ ನೋಡುತ್ತಿದ್ದ.

ಪಾಠ ಮುಗಿದ ಮೇಲೆ ಅವಳು ಜಯಮಾಲಾ ಅವರ ಮುಂದೆ ನಿಂತಳು. ಸುಮ್ಮನಿದ್ದರೆ ಸಾಕಿತ್ತು. ಸುಮ್ಮನಿರಲು ಆಗಲಿಲ್ಲ.

"ಮೇಡಂ, ಈ ಹುಡುಗೂರನ್ನ ಕೇಳಾಕ ಕುಂದ್ರಿಸಿದವರು ಅವರು. ಎಲ್ಲಾ ನಂದ ಅಂತ ಬರೀಬ್ಯಾಡ್ರಿ."

ಜಯಮಾಲಾ ಪೆನ್ನಿನ ಮುಚ್ಚಳ ಹಾಕಿದರು. "ಯಾರು ಕುಂದ್ರಿಸಿದ್ರು, ಯಾರನ್ನ ಕೇಳಿದ್ರು, ಎರಡೂ ಬರೀತೇನಿ. ಆದ್ರ ಹುದ್ದೆ ಒಂದ ಐತಿ, ತಂಗಿ."

ಸೋಮವಾರ ತಿಳಿಯಿತು. ನಾಜಿಮಾ ಉಳಿದಳು. ಮಂಜೂರ ಹೆಚ್ಚುವರಿ.

ಅವಳು ಪರಪ್ಪನವರ ಕೋಣೆಗೆ ನುಗ್ಗಿದಾಗ ಅವರಿರಲಿಲ್ಲ. ಮಂಜೂರ ಒಬ್ಬನೇ ಕುಳಿತು ಹೆಚ್ಚುವರಿ ಶಿಕ್ಷಕರ ಮಾಹಿತಿ ನಮೂನೆ ತುಂಬುತ್ತಿದ್ದ.

"ನನಗ ಭಿಕ್ಷೆ ಹಾಕಿದ್ರೇನು?" ಎಂದಳು. ಸಿಟ್ಟಿನಲ್ಲಿ ದನಿ ಒಡೆಯಿತು. "ಬೇಕಂತ ಸೋತ್ರಿ, ಹೌದಲ್ಲ? ನಾ ಕೇಳಿದ್ನಾ ನಿಮ್ಮನ್ನ?"

"ಬೇಕಂತ?" ಅವನೂ ಎದ್ದ. ಅವನ ಕಣ್ಣೂ ಕೆಂಪಾಗಿತ್ತು. "ಮೂರ ದಿನ ಕುಂತು ರಟ್ಟು ಕತ್ತರಿಸೇನ್ರಿ ನಾ! ನಿಮ್ಮ ಆ ಫರಹತ ನನ್ನ ಮರ್ಯಾದೆ ತಗದಳು. ನನಗೂ ಈ ಜಾಗಾ ಬೇಕಾಗಿತ್ತು. ಮಸೂತಿಯಿಂದ ಇಪ್ಪತ್ತ ನಿಮಿಷದ ಹಾದಿ. ಇನ್ನ ಭೀಮಾ ದಂಡಿಗಿ ಹೋಗಿ ಲಿಂಬಿ ಗಿಡದಾಗ ಕುಂದರಬೇಕು."

"ಮತ್ತ ನನ್ನ ಕ್ಲಾಸ ಕದ್ದು ಯಾಕ ಕೇಳಿದ್ರಿ?"

"ಮೊದಲ ನಿಮ್ಮ ತಪ್ಪು ಹಿಡಿಯಾಕ ಕೇಳಿದ್ನಿ."

"ಆಮ್ಯಾಲ?"

ಅವನು ಕುಳಿತ. ಪೆನ್ನನ್ನು ಮೇಜಿನ ಮೇಲೆ ಉರುಳಿಸಿದ, ಹಿಡಿದ, ಮತ್ತೆ ಉರುಳಿಸಿದ.

"ಡಿಸೆಂಬರದಾಗ ಎರಡ ದಿನ ರಜಾ ಹಾಕಿದ್ರಿ. ಎಮ್ಮಿನ್ನ ನಡು ಸೇತುವಿ ಮ್ಯಾಲ ಬಿಟ್ಟು ಹೋಗಿದ್ರಿ. ಹಿಂದ ಲಾರಿ ಬರಾಕತ್ತಿತ್ತು." ಅವನು ಅವಳತ್ತ ನೋಡಲಿಲ್ಲ. "ಎರಡ ದಿನ ಊಟ ಸೇರಲಿಲ್ಲ ನನಗ. ಎಮ್ಮಿಗಿ ಏನಾತೋ ಅಂತ ಅನ್ಕೊಂಡೆ. ಎಮ್ಮಿ ಚಿಂತಿ ಅಲ್ಲ ಅದು ಅಂತ ಆಮ್ಯಾಲ ತಿಳೀತು. ನಿಮ್ಮ ದನಿ ಕೇಳದ ಪಿರಿಯಡ್ ಮುಗೀವಲ್ದಾಗಿತ್ತು."

ಹುಟ್ಟಿದಾಗಿನಿಂದ ನಾಜಿಮಾಳ ಮಾತನ್ನು ಯಾರೂ ಅಷ್ಟು ದಿನ, ಅಷ್ಟು ಸುಮ್ಮನೆ, ಕೊನೆಯವರೆಗೆ ಕೇಳಿರಲಿಲ್ಲ. ಸಿಟ್ಟು ಇನ್ನೂ ಇತ್ತು. ಅದರ ಅಡಿಯಲ್ಲಿ ಬೇರೇನೋ ಬೆಚ್ಚಗೆ ಕದಲುತ್ತಿತ್ತು. ಅದು ಕಾಣದಿರಲೆಂದು ಅವಳು ನಮೂನೆಯತ್ತ ಬಗ್ಗಿದಳು. ಹೆಸರು, ಜಾತಿ, ಸೇವೆ ಎಲ್ಲ ತುಂಬಿತ್ತು. ಒಂದು ಕಾಲಮ್ ಮಾತ್ರ ಖಾಲಿ. *ಪತಿ/ಪತ್ನಿ ಸರ್ಕಾರಿ ಸೇವೆಯಲ್ಲಿದ್ದರೆ ಅವರ ಶಾಲೆ.* ಅದನ್ನು ತುಂಬಿದವರಿಗೆ ಅದೇ ತಾಲೂಕಿನಲ್ಲಿ ಜಾಗ ಕೊಡುವುದರಲ್ಲಿ ಮೊದಲ ಆದ್ಯತೆ.

"ಇದನ್ಯಾಕ ಬಿಟ್ಟೀರಿ?"

"ಅದು ನಾ ಒಬ್ಬನ ತುಂಬೂದಲ್ರಿ."

ಅವಳ ಕೆನ್ನೆ ಉರಿಯಿತು. "ವರ್ಗಾವಣಿ ಸಲುವಾಗಿ ಮದಿವಿ ಆದಳು ಅಂತಾರ ಜನ."

"ವರ್ಗಾವಣಿ ನಂದು. ನನಗ ಅಂತಾರ."

"ನಾ ನೌಕರಿ ಬಿಡೂದಿಲ್ಲ."

"ಬಿಟ್ರ ಈ ಕಾಲಮ್ಮಿಗಿ ಬೆಲೆ ಇಲ್ಲ."

"ಕೊಲ್ಹಾರನೂ ಬಿಡೂದಿಲ್ಲ."

"ಅದಕ್ಕ ನಾ ಹೋಗಾಕತ್ತೇನಲ್ರಿ."

"ಬಾಗೇವಾಡಿಗಿ ಬಂದು ನಮ್ಮ ಅಣ್ಣನ ಮುಂದ ಕುಂದರಬೇಕು. ಅಂವಾ ಯಾರನ್ನೂ ಮಾತಾಡಾಕ ಬಿಡೂದಿಲ್ಲ."

"ನಾಕ ತಿಂಗಳ ಬಾಯಿ ಮುಚ್ಚಿ ಕುಂತೇನ್ರಿ. ಅರ್ಧ ತಾಸು ದೊಡ್ಡದೇನು?"

ಆಗ ಅವನು ತಲೆಯೆತ್ತಿದ. ಈ ಸಲ ಅವನ ನೋಟ ಹಣೆಗೂ ಕೂದಲಿಗೂ ಹೋಗಲಿಲ್ಲ. ನೇರ ಬಂದು ಕಣ್ಣಿನಲ್ಲಿ ನಿಂತಿತು, ಅಲ್ಲೇ ಉಳಿಯಿತು. ಅವಳೂ ತೆಗೆಯಲಿಲ್ಲ. ಹೊರಗೆ ಮಕ್ಕಳು ತಟ್ಟೆ ತೊಳೆಯುವ ಸದ್ದು ನಿಂತು, ಮತ್ತೆ ಶುರುವಾಯಿತು.

ನಾಜಿಮಾ ಅವನ ಕೈಯಿಂದ ಪೆನ್ನು ಕಿತ್ತುಕೊಂಡಳು. ಕಾಗದ ಹರಿಯುವಷ್ಟು ಒತ್ತಿ ಖಾಲಿ ಕಾಲಮ್ಮಿನಲ್ಲಿ ತನ್ನ ಶಾಲೆಯ ಹೆಸರು ಬರೆದಳು. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸೂಚನೆ ಇತ್ತು: ವಿವಾಹದ ದಾಖಲೆಯನ್ನು ಹದಿನೈದು ದಿನಗಳೊಳಗೆ ಲಗತ್ತಿಸಬೇಕು.

"ಹದಿನೈದ ದಿನ," ಎಂದಳು. "ನಾಳೆನ ಬರ್ರಿ ಮನಿಗಿ."

"ಇವತ್ತ ಬರ್ತೇನಿ."

"ನಾಳೆ ಅಂದೆ ನಾ!"

"ಇವತ್ತ ಅಂದೆ ನಾ!"

ಬಾಗಿಲಲ್ಲಿ ಪರಪ್ಪನವರು ನಿಂತಿದ್ದರು, ಕೈಯಲ್ಲಿ ಚಹಾದ ಲೋಟ ಹಿಡಿದು. "ಅಯ್ಯಯ್ಯ, ಹುದ್ದೆ ತೀರ್ಮಾನ ಆತಲ್ರೆಪಾ! ಇವತ್ತರೆ ಈ ಜಗಳ ಇಲ್ಲೇ ಮುಗಸ್ರಿ."

"ಇಲ್ರಿ ಸರ್," ಎಂದಳು ನಾಜಿಮಾ, ಶಾಯಿ ಆರಲೆಂದು ನಮೂನೆಯ ಮೇಲೆ ಊದುತ್ತ. "ಮನಿಗಿ ಒಯ್ಯಾಕತ್ತೇವ್ರಿ."