ಉಣ್ಣುವ ಕೈ ಪಕ್ಕದ ಕಾಲು

೧೯೯೪ರಲ್ಲಿ ನಾನು ಸೇಲಂನ ಒಂದು ಆಸ್ಪತ್ರೆಯ ದಾಖಲೆ ಕೋಣೆಯಲ್ಲಿದ್ದೆ. ಪ್ರತಿ ರೋಗಕ್ಕೂ ಅದರ ಅಂಕಿ ಬರೆಯುವುದು ನನ್ನ ಕೆಲಸ. ಕೊಳೆತ ಪಾದಕ್ಕೆ 785.4. ಆ ಅಂಕಿಯಲ್ಲಿ ಎಡ ಬಲ ಎಂಬುದಿಲ್ಲ, ಅದನ್ನು ಪಕ್ಕದಲ್ಲಿ ಬರೆಯಬೇಕು. ನನ್ನ ಹೆಂಡತಿ ರಮಾಬಾಯಿ ಅದೇ ರೋಗಕ್ಕೆ ಒಂದು ಕಾಲು ಕಳೆದುಕೊಂಡು, ಆ ವರ್ಷವೇ ಹರಿಪಾದ ಸೇರಿದ್ದಳು.

ಅದಿಯಮಾನ್‌ಕೋಟೆಯ ಮುನಿವೆಂಕಟಮ್ಮನ ಎರಡು ಪಾದಗಳಿಗೂ ಕಟ್ಟು ಹಾಕಿದ್ದರು. ಮರುದಿನ ಕತ್ತರಿಸಬೇಕಾದ ಪಾದ ಯಾವುದೆಂದು ಕಾಗದದಲ್ಲಿ ಇರಲಿಲ್ಲ. ಹೋಗಿ ಅವಳನ್ನೇ ಕೇಳಿದೆ.

"ಉಣ್ಣೋ ಕೈ ಪಕ್ಕದ್ದು ಸಾಮಿ. ಓದಿದೋರು ನೀವು, ಇದೂ ತಿಳಿಯಾಕಿಲ್ವಾ?" ಎಂದು ನಕ್ಕಳು.

ಪುಸ್ತಕದಲ್ಲಿ ಕಾರ್ಬನ್ ಇಟ್ಟು "ಬಲ" ಎಂದು ಬರೆದು, ಮೇಲಿನ ಚೀಟಿಯನ್ನು ಹರಿದು ಆಪರೇಷನ್ ಕೋಣೆಗೆ ಕಳಿಸಿದೆ.

ಮಧ್ಯಾಹ್ನ ಮೇಜಿನ ಕೆಳಗೆ ನನ್ನ ಎಡಪಾದ ತಣ್ಣಗಾಯಿತು. ಏಪ್ರಿಲ್ ಸೆಕೆಗೆ ಬಲಪಾದ ಬೆವರುತ್ತಿತ್ತು. ಹೊರಗೆ ಒಂದೇ ಒಂದು ಕಾಲುಂಗುರ ನೆಲಕ್ಕೆ ತಾಗುವ ಸದ್ದು, ತಡೆದು ತಡೆದು, ವಾರ್ಡಿನ ಕಡೆಗೆ ಹೋಯಿತು. ರಾಮನಾಮ ಹೇಳುತ್ತ ಅದರ ಹಿಂದೆ ನಡೆದೆ. ದಾರಿಯಲ್ಲಿ ಯಾರೂ ಇರಲಿಲ್ಲ. ಸದ್ದು ನಿಂತಲ್ಲಿ ಮುನಿವೆಂಕಟಮ್ಮ ಎಡಗೈಯಲ್ಲಿ ಮುದ್ದೆ ಮುರಿದು ಉಣ್ಣುತ್ತಿದ್ದಳು.

"ಎಡಗೈಲಿ ಉಣ್ತೀಯಾ ತಾಯಿ?"

"ಆಮಾ ಸಾಮಿ, ಉಟ್ಟಿದಾಗಿಂದ ಇಂಗೇ. ನಮ್ಮತ್ತೆ ಬೈದು ಬೈದು ಸುಸ್ತಾದ್ಲು."

ಆಪರೇಷನ್ ಕೋಣೆಗೆ ಓಡಿಹೋಗಿ ಚೀಟಿಯಲ್ಲಿ "ಬಲ" ಹೊಡೆದುಹಾಕಿ "ಎಡ" ಎಂದು ಬರೆದೆ. ಆಮೇಲೆ ಕಾರ್ಬನ್ ಪ್ರತಿಯನ್ನೂ ತಿದ್ದಲೆಂದು ನನ್ನ ಪುಸ್ತಕ ತೆರೆದೆ.

ಅಲ್ಲಿ ತಿದ್ದುವುದಕ್ಕೆ ಏನೂ ಇರಲಿಲ್ಲ. 785.4ರ ಪಕ್ಕದಲ್ಲಿ, ನನ್ನದೇ ಅಕ್ಷರದಲ್ಲಿ, "ಎಡ" ಎಂದಿತ್ತು.