ಕಳೆ ಕೀಳುವ ಹೆಂಗಸರು

ದುಡಿಯುವ ಹೆಂಗಸರ ಚಿತ್ರಗಳನ್ನು ಬರೆದು ತಂದಿದ್ದ ಶಶಿಕಲಾಳನ್ನು ಗ್ಯಾಲರಿ ಮಾಲೀಕ ಚನ್ನವೀರೇಶ್ ಇಪ್ಪತ್ತು ವರ್ಷದ ಹಿಂದೆ ಬಾಗಿಲಿಂದಲೇ ವಾಪಸ್ ಕಳಿಸಿದ್ದ. ಕೆಸರು ಮೆತ್ತಿಕೊಂಡವರನ್ನು ಯಾರು ಗೋಡೆಗೆ ಹಾಕುತ್ತಾರೆ ಎಂದಿದ್ದ. ಅದೇ ಮನುಷ್ಯ ರಾಜರಾಜೇಶ್ವರಿನಗರದ ತನ್ನ ಗ್ಯಾಲರಿಗೆ ಹತ್ತೊಂಬತ್ತನೇ ಶತಮಾನದ ಅಂಥವೇ ಚಿತ್ರಗಳನ್ನು ಹುಡುಕಿಸುತ್ತಿದ್ದಾನೆಂದು ಕೇಳಿ ಅವಳಿಗೆ ಮೈಯೆಲ್ಲ ಉರಿಯಿತು. ಸತ್ತವರು ಬರೆದರೆ ಕಲೆ, ತನ್ನಂಥ ಬಸವೇಶ್ವರನಗರದ ಡ್ರಾಯಿಂಗ್ ಟೀಚರ್ ಬರೆದರೆ ಕೆಸರು! ಹಾಗಾದರೆ ಸತ್ತವರ ಕೈಯಲ್ಲೇ ಬರೆಸಿಕೊಡುತ್ತೇನೆ ಎಂದುಕೊಂಡಳು.

ಒಂದು ವರ್ಷ ಹಿಡಿಯಿತು. ಆ ಕಾಲದ ಯಾರದೋ ಹಾಳಾದ ಭಾವಚಿತ್ರ ತಂದು, ಬಣ್ಣ ಕೆರೆದು, ಕ್ಯಾನ್ವಾಸ್ ಉಳಿಸಿಕೊಂಡಳು. ಅಂದು ಇರದಿದ್ದ ಒಂದು ಬಣ್ಣವನ್ನೂ ಮುಟ್ಟಲಿಲ್ಲ. ರಾಗಿ ಹೊಲದಲ್ಲಿ ಕುಕ್ಕರುಗಾಲಲ್ಲಿ ಕೂತು ಕಳೆ ಕೀಳುವ ಮೂವರು ಹೆಂಗಸರು. ಸೀರೆಯ ಗಂಟು, ರವಿಕೆಯಿಲ್ಲದ ಹೆಗಲು, ಬಳೆ, ಎಲ್ಲವನ್ನೂ ಹಳೆಯ ಫೋಟೋಗಳ ಜೊತೆ ಹೋಲಿಸಿದಳು. ಕಣ್ಣಾರೆ ನೋಡದ್ದನ್ನು ಬರೆಯುವ ಜಾಯಮಾನ ಅವಳದಲ್ಲ. ಈ ಸುಳ್ಳಿನಲ್ಲೂ ಆ ನಿಯಮ ಬಿಡಲಿಲ್ಲ. ಕೊನೆಗೆ ಮಂದ ಶಾಖ ಕೊಟ್ಟು ಬಣ್ಣ ಬಿರುಕು ಬಿಡುವಂತೆ ಮಾಡಿದಳು.

ಅಜ್ಜನ ಮನೆಯ ಅಟ್ಟದಲ್ಲಿ ಸಿಕ್ಕಿದ್ದೆಂದು ಹೇಳಿ, ಹಾಗೆಂದು ಬರೆದ ಪತ್ರಕ್ಕೆ ಧೈರ್ಯವಾಗಿ ಸಹಿಯನ್ನೂ ಹಾಕಿದಳು. ಚನ್ನವೀರೇಶನಿಗೆ ಅವಳ ಮುಖವೇ ನೆನಪಿರಲಿಲ್ಲ. ಅವನು ಪರೀಕ್ಷೆಗೆ ಕಳಿಸಿದ ಲ್ಯಾಬಿನವರು ಬಣ್ಣ, ಕ್ಯಾನ್ವಾಸ್ ಎರಡೂ ಆ ಕಾಲದ್ದೇ ಎಂದು ಒಪ್ಪಿದರು.

“ಎಂಥಾ ಕೈ ಮೇಡಂ! ಈಗಿನವ್ರಿಗೆಲ್ಲಿ ಬರುತ್ತೆ ಇದು?” ಎಂದ ಚನ್ನವೀರೇಶ್. ಅವಳು ತುಟಿ ಕಚ್ಚಿ ನಗು ತಡೆದುಕೊಂಡಳು.

ಚಿತ್ರದ ಪರದೆ ಸರಿಸಿದ ದಿನ ಶಶಿಕಲಾ ಜನರ ನಡುವೆ ತಲೆಯೆತ್ತಿ ನಿಂತಿದ್ದಳು. ಏನೇ ಆಗಲಿ, ಕೆಸರಿನ ಹೆಂಗಸರು ಅವನ ಗೋಡೆ ಹತ್ತಿದ್ದರು. ಕಾಫಿ ತಟ್ಟೆ ಹಿಡಿದು ಬಂದ ಗ್ಯಾಲರಿಯ ಕೆಲಸದ ಅಂಜನಮ್ಮ ಚಿತ್ರದ ಮುಂದೆ ನಿಂತುಬಿಟ್ಟರು. ಎಪ್ಪತ್ತು ದಾಟಿದವರು, ನಾಯಂಡಹಳ್ಳಿ ಇನ್ನೂ ಹಳ್ಳಿಯಾಗಿದ್ದಾಗ ರಾಗಿ ಹೊಲದಲ್ಲಿ ಕಳೆ ಕಿತ್ತವರು. ಇದು ಎಷ್ಟು ಹಳೆಯದೆಂದು ಕೇಳಿದರು. ನೂರೈವತ್ತು ವರ್ಷ ಎಂದ ಚನ್ನವೀರೇಶ್. “ಅದೆಂಗೆ ಸಾರ್? ಅವ್ರ ಕೈಲಿರೋದು ಕಾಂಗ್ರೆಸ್ ಗಿಡ. ಸ್ವಾತಂತ್ರ್ಯ ಬಂದ್ಮೇಲೆ ಹೊರದೇಶದ ಗೋಧಿ ಜೊತೆ ಬಂದಿದ್ದಂತೆ. ನಾನು ಮದ್ವೆಯಾಗಿ ಬಂದಾಗ್ಲೂ ನಮ್ ಹೊಲದಲ್ಲಿ ಇರ್ಲಿಲ್ಲ.” ಎಲ್ಲರೂ ಚಿತ್ರದ ಕಡೆ ಬಾಗಿದರು. ಅನ್ನಪೂರ್ಣೇಶ್ವರಿ ನಗರದ ಖಾಲಿ ಸೈಟಿನಿಂದ ತಾನೇ ಕಿತ್ತು ತಂದು, ಎದುರಿಗಿಟ್ಟುಕೊಂಡು, ಒಂದೆಲೆಯೂ ತಪ್ಪದಂತೆ ಬರೆದಿದ್ದ ಆ ಗಿಡವನ್ನು ಶಶಿಕಲಾಳೂ ನೋಡಿದಳು.